ಮೊಲದ ಚರ್ಮ ಮರೆತ ದಿನ

1925ರ ಜನವರಿ ಕೊನೆಯಲ್ಲಿ ಅಲಾಸ್ಕಾದ ನೋಮ್ ಎಂಬ ಪಟ್ಟಣದಲ್ಲಿ ಗಂಟಲುಮಾರಿ ಹಬ್ಬಿತ್ತು. ಮದ್ದು ಬರಬೇಕಾದದ್ದು ದೂರದ ನೆನಾನಾ ರೈಲು ನಿಲ್ದಾಣದಿಂದ, 1,085 ಕಿಲೋಮೀಟರ್ ಹಿಮದ ಹಾದಿಯಲ್ಲಿ. ಇಪ್ಪತ್ತು ಮಂದಿ ಸವಾರರು, ಸುಮಾರು 150 ನಾಯಿಗಳು ಒಬ್ಬರಿಂದೊಬ್ಬರಿಗೆ ದಾಟಿಸುತ್ತ ಐದೂವರೆ ದಿನದಲ್ಲಿ ಮದ್ದನ್ನು ಊರು ಮುಟ್ಟಿಸಿದರು. ಈ ಕತೆಯಲ್ಲಿ ಎಲ್ಲರಿಗೂ ಗೊತ್ತಿರುವುದು ಬಾಲ್ಟೋ ಎಂಬ ನಾಯಿಯ ಹೆಸರು. ನ್ಯೂಯಾರ್ಕಿನ ಉದ್ಯಾನದಲ್ಲಿ ಅದರ ಪ್ರತಿಮೆಯೂ ಇದೆ. ಪ್ರತಿಮೆಯಿಲ್ಲದ ಇನ್ನೆರಡು ನಾಯಿಗಳಿದ್ದವು. ಚಾರ್ಲಿ ಇವಾನ್ಸ್ ಎಂಬ ತರುಣನ ಬಂಡಿಯ ಮುಂದಾಳು ನಾಯಿಗಳು ಅವು, ಗಿಡ್ಡ ಕೂದಲಿನ ಮಿಶ್ರತಳಿಯವು. ಅಂಥ ನಾಯಿಗಳ ತೊಡೆಸಂದಿಗೆ ಮೊಲದ ಚರ್ಮ ಕಟ್ಟಿ ಹೊರಡುವುದು ಅಲ್ಲಿಯ ವಾಡಿಕೆ, ಏಕೆಂದರೆ ನಾಯಿಯ ಮೈಯಲ್ಲಿ ಕೂದಲು ತೀರ ತೆಳುವಾಗಿರುವ ಜಾಗ ಅದು. ಇವಾನ್ಸ್ ಅಂದು ಅದನ್ನು ಮರೆತ. ಚಳಿ ಮೈನಸ್ 50 ಡಿಗ್ರಿಗಿಂತ ಕೆಳಗಿತ್ತು. ಎರಡೂ ನಾಯಿಗಳು ದಾರಿಯಲ್ಲೇ ಕುಸಿದವು. ಅವುಗಳ ಜಾಗದಲ್ಲಿ ತಾನೇ ಹಗ್ಗ ಹೆಗಲಿಗೆ ಹಾಕಿಕೊಂಡು ಬಂಡಿ ಎಳೆದು ಆತ ನುಲಾಟೊ ತಲುಪಿದ.

ಚಳಿನಾಡಿನಲ್ಲಿ ನಾಯಿಯನ್ನು ಹೊರಗಿಡಬಹುದೇ ಎಂದು ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಕೂದಲಿನ ಬಗ್ಗೆ. ದಟ್ಟ ತುಪ್ಪಳವಿದ್ದರೆ ಇಡಬಹುದು, ಇಲ್ಲದಿದ್ದರೆ ಬೇಡ. ಇದರ ಬೆನ್ನಿಗೇ ಎಸ್ಕಿಮೋಗಳ ಉದಾಹರಣೆ ಬರುತ್ತದೆ: ಅವರು ಸಾವಿರಾರು ವರ್ಷ ನಾಯಿಗಳನ್ನು ಹಿಮದಲ್ಲೇ ಮಲಗಿಸಿದರಲ್ಲ, ನಮ್ಮ ಹಿತ್ತಿಲ ನಾಯಿಗೇನು ಧಾಡಿ? ಚರಿತ್ರೆಯನ್ನು ತುಸು ಹತ್ತಿರದಿಂದ ನೋಡಿದರೆ ಈ ಉದಾಹರಣೆ ಅದನ್ನು ಕೊಡುವವರ ವಿರುದ್ಧವೇ ಸಾಕ್ಷಿ ಹೇಳುತ್ತದೆ. ಹಿಮದ ನಾಡಿನಲ್ಲಿ ನಾಯಿ ಸಾಕಿದವರು ಯಾರೂ ಬರೀ ಕೂದಲನ್ನು ನಂಬಿ ಕುಳಿತವರಲ್ಲ. ಅವರ ‘ಹೊರಗೆ’ ಎಂಬುದು ಒಂದು ಏರ್ಪಾಡು. ಕೊಬ್ಬಿನ ಊಟ, ಒಣ ನೆಲ, ಗಾಳಿಗೆ ಮರೆ, ಜೊತೆಗೆ ಇತರ ನಾಯಿಗಳು, ಬೇಕಾದಾಗ ಎದ್ದು ಜಾಗ ಬದಲಿಸುವ ಸ್ವಾತಂತ್ರ್ಯ, ಇವೆಲ್ಲ ಸೇರಿದ್ದು. ಇದರಲ್ಲಿ ಒಂದು ಕಳಚಿದಾಗಲೂ ನಾಯಿ ಸತ್ತಿದೆ, ತುಪ್ಪಳ ಎಷ್ಟೇ ದಟ್ಟವಾಗಿದ್ದರೂ.

ಕೂದಲಿನ ವಿಷಯವನ್ನೇ ಮೊದಲು ತೆಗೆದುಕೊಳ್ಳೋಣ. ಸ್ವಿಟ್ಜರ್‌ಲ್ಯಾಂಡ್ ಮತ್ತು ಇಟಲಿಯ ನಡುವೆ 2,469 ಮೀಟರ್ ಎತ್ತರದ ಗ್ರೇಟ್ ಸೇಂಟ್ ಬರ್ನಾರ್ಡ್ ಕಣಿವೆದಾರಿಯಲ್ಲಿ ಹನ್ನೊಂದನೆಯ ಶತಮಾನದಿಂದ ಒಂದು ಮಠವಿದೆ. ಹಿಮದಲ್ಲಿ ದಾರಿತಪ್ಪಿದವರಿಗೆ ಅದೇ ಛತ್ರ. ಹದಿನೇಳನೆಯ ಶತಮಾನದಿಂದ ಅಲ್ಲಿ ನಾಯಿಗಳಿದ್ದವು. ನಲವತ್ತಕ್ಕೂ ಹೆಚ್ಚು ಜೀವ ಉಳಿಸಿತೆಂದು ಹೆಸರಾದ ಬ್ಯಾರಿ ಎಂಬ ನಾಯಿ 1814ರಲ್ಲಿ ಸತ್ತಿತು. ಅದರ ಚರ್ಮ ತುಂಬಿಸಿದ ದೇಹ ಈಗಲೂ ಬರ್ನ್ ನಗರದ ವಸ್ತುಸಂಗ್ರಹಾಲಯದಲ್ಲಿದೆ. ನೋಡಿದವರಿಗೆ ನಿರಾಸೆಯಾಗುವುದುಂಟು, ಏಕೆಂದರೆ ಚಿತ್ರಗಳಲ್ಲಿ ಕಾಣುವ ಜೋಲು ತುಪ್ಪಳದ ಗಜಗಾತ್ರದ ನಾಯಿ ಅದಲ್ಲ, ಸಾಧಾರಣ ಮೈಕಟ್ಟಿನ ಗಿಡ್ಡ ಕೂದಲಿನದು. ಹತ್ತೊಂಬತ್ತನೆಯ ಶತಮಾನದ ಕೆಲವು ಕಟುಚಳಿಗಾಲಗಳಲ್ಲಿ ಮಠದ ನಾಯಿಗಳು ಬಹಳ ಸತ್ತವು. 1830ರ ಸುಮಾರಿಗೆ ಸನ್ಯಾಸಿಗಳು ಉಳಿದವನ್ನು ಉದ್ದ ಕೂದಲಿನ ನ್ಯೂಫೌಂಡ್‌ಲ್ಯಾಂಡ್ ತಳಿಯೊಂದಿಗೆ ಬೆರೆಸಿದರು. ಮೈಮೇಲೆ ಹೆಚ್ಚು ಕೂದಲಿದ್ದರೆ ಹೆಚ್ಚು ಬೆಚ್ಚಗೆ ಎಂಬುದು ಯಾರಿಗೂ ಹೊಳೆಯುವ ಲೆಕ್ಕವೇ. ಆದರೆ ಉದ್ದ ಕೂದಲಿಗೆ ಹಿಮ ಉಂಡೆಗಟ್ಟಿ ಅಂಟಿಕೊಂಡಿತು, ಕರಗಿ ಒದ್ದೆಯಾಯಿತು, ಮತ್ತೆ ಗಡ್ಡೆಯಾಯಿತು. ಆ ಭಾರ ಹೊತ್ತು ನಾಯಿ ನಡೆಯಲಾರದಾಯಿತು. ಉದ್ದ ಕೂದಲಿನ ಮರಿಗಳನ್ನು ಸನ್ಯಾಸಿಗಳು ಕೆಳಗಿನ ಕಣಿವೆಯವರಿಗೆ ಕೊಟ್ಟುಬಿಟ್ಟರು. ಬೆಟ್ಟದ ಮೇಲೆ ಉಳಿದದ್ದು ಗಿಡ್ಡ ಕೂದಲಿನವು, ಅದೂ ಮಠದ ಕಲ್ಲುಕಟ್ಟಡದ ಆಸರೆಯಲ್ಲಿ. ಅವು ಹಿಮಕ್ಕೆ ಹೋಗಿ ಬರುತ್ತಿದ್ದ ನಾಯಿಗಳು, ಹಿಮದಲ್ಲಿ ವಾಸವಿದ್ದವಲ್ಲ. ಕೂದಲಿನ ಉದ್ದಕ್ಕಿಂತ ಅದರ ಕೆಳಗಿನ ಮೆತ್ತನೆಯ ಒಳಪದರ ಮುಖ್ಯ. ಅದು ಹಿಡಿದಿಡುವ ಗಾಳಿಯೇ ನಾಯಿಯ ಕಂಬಳಿ. ಒದ್ದೆಯಾದರೆ ಆ ಗಾಳಿಯೂ ಇಲ್ಲ, ಕಂಬಳಿಯೂ ಇಲ್ಲ. 2005ರಲ್ಲಿ ನಮ್ಮ ಅಂಚೆ ಇಲಾಖೆ ನಾಲ್ಕು ದೇಸಿ ನಾಯಿಗಳ ಅಂಚೆಚೀಟಿ ತಂದಾಗ ಹಿಮಾಲಯದ ಕುರಿನಾಯಿಯೂ ಬಾಗಲಕೋಟೆ ಸೀಮೆಯ ಮುಧೋಳ ನಾಯಿಯೂ ಒಟ್ಟಿಗೆ ಬಂದವು. ಪಕ್ಕೆಲುಬು ಎಣಿಸಬಹುದಾದ ಮುಧೋಳಕ್ಕೆ ಆ ಒಳಪದರ ಇಲ್ಲವೆನ್ನುವಷ್ಟು ಕಡಿಮೆ. ಎರಡೂ ನಾಯಿಯೇ, ಎರಡೂ ಒಂದೇ ದೇಶದವೇ. ‘ನಾಯಿ ಚಳಿ ತಡೆಯುತ್ತದೆ’ ಎಂಬ ಮಾತಿನಲ್ಲಿ ‘ನಾಯಿ’ ಎಂದರೆ ಯಾವುದು ಎಂದು ಕೇಳದೆ ಮುಂದೆ ಹೋಗಲಾಗದು.

ಇನ್ನು ಎಸ್ಕಿಮೋಗಳೆಂದು ಹೊರಗಿನವರು ಕರೆದ ಇನ್ಯುಯಿಟ್ ಜನರ ಪದ್ಧತಿ. ಅವರ ‘ಕಿಮ್ಮಿಕ್’, ಅಂದರೆ ನಾಯಿ, ಹೊರಗೇ ಮಲಗುತ್ತಿತ್ತು, ನಿಜ. ಸುರುಳಿ ಸುತ್ತಿ, ಮೂಗನ್ನು ಬಾಲದಡಿ ತೂರಿಸಿ ಮಲಗಿದರೆ ಬಿದ್ದ ಹಿಮ ಮೈ ಮುಚ್ಚುತ್ತದೆ. ಆ ಹಿಮವೇ ಗಾಳಿಗೆ ಗೋಡೆ. ಪಾದದ ವಿಷಯದಲ್ಲೂ ನಾಯಿ ಜಾಣ ಪ್ರಾಣಿ: ಕಾಲಿಗಿಳಿಯುವ ಬಿಸಿ ರಕ್ತ, ಮೇಲೆ ಬರುವ ತಣ್ಣನೆಯ ರಕ್ತಕ್ಕೆ ದಾರಿಯಲ್ಲೇ ತನ್ನ ಶಾಖ ಕೊಡುವ ವ್ಯವಸ್ಥೆ ಅದರ ಅಂಗಾಲಿನಲ್ಲಿದೆಯೆಂದು ಜಪಾನಿನ ಸಂಶೋಧಕರು 2011ರಲ್ಲಿ ತೋರಿಸಿದರು. ಆದರೂ ವಸಂತದಲ್ಲಿ ಮಂಜುಗಡ್ಡೆ ಚೂರಿಯಂತೆ ಮೊನಚಾದಾಗ ಇನ್ಯುಯಿಟ್ ಹೆಂಗಸರು ನಾಯಿಗಳಿಗೆ ಸೀಲ್ ಚರ್ಮದ ಕಾಲುಚೀಲ ಹೊಲಿಯುತ್ತಿದ್ದರು. ಬಾಣಂತಿ ನಾಯಿಗೂ ಎಳೆಮರಿಗಳಿಗೂ ಹಿಮಮನೆಯ ಬಾಗಿಲ ಓಣಿಯಲ್ಲಿ, ಒಮ್ಮೊಮ್ಮೆ ಒಳಗೇ, ಜಾಗ. ಮರವಿಲ್ಲದ ಬಯಲಿನಲ್ಲಿ ಬಂಡಿಗೆ ನಾಯಿಗಳನ್ನು ಬೀಸಣಿಗೆಯಂತೆ ಹರಡಿ, ಒಂದೊಂದಕ್ಕೂ ಬೇರೆ ಹಗ್ಗ ಹಾಕುತ್ತಿದ್ದರು. ಮಂಜುಗಡ್ಡೆಯ ಮೇಲೆ ಹೆಜ್ಜೆ ಇಡುವ ಜಾಗವನ್ನು ಪ್ರತಿ ನಾಯಿಯೂ ತಾನೇ ಆರಿಸಿಕೊಳ್ಳಲಿ ಎಂದು. ಊಟವೋ, ವಾಲ್ರಸ್ ಮತ್ತು ಸೀಲ್‌ಗಳ ಮಾಂಸ, ಕೊಬ್ಬು. ಇದನ್ನೆಲ್ಲ ಪ್ರೀತಿ ಎಂದು ಬಣ್ಣ ಹಚ್ಚಬೇಕಾಗಿಲ್ಲ. ಚಾಟಿಯಿತ್ತು. ಹಗ್ಗ ಕಡಿಯದಿರಲೆಂದು ಕೆಲವೆಡೆ ಹಲ್ಲು ಮೊಂಡು ಮಾಡುತ್ತಿದ್ದರು. ಬೇಟೆ ಸಿಗದ ವರ್ಷ ನಾಯಿಗಳು ಉಪವಾಸ ಸಾಯುತ್ತಿದ್ದವು. ಆದ್ದರಿಂದಲೇ ಈ ಸಾಕ್ಷಿಗೆ ತೂಕ ಹೆಚ್ಚು: ಕರುಣೆಗೆಂದು ಏನೂ ಮಾಡದ, ಉಪಯೋಗವಿಲ್ಲದ ಶ್ರಮ ಮಾಡಲು ಪುರುಸೊತ್ತೇ ಇಲ್ಲದ ಜನ ನಾಯಿಗೆ ಕಾಲುಚೀಲ ಹೊಲಿದರು ಎಂದರೆ, ಅದಿಲ್ಲದೆ ನಡೆಯುತ್ತಿರಲಿಲ್ಲ. ಇತ್ತ ಸೈಬೀರಿಯಾದಲ್ಲಿ ಹಿಮಸಾರಂಗ ಕಾಯುವ ನೆನೆತ್ಸ್ ಜನರ ಬಿಳಿ ತುಪ್ಪಳದ ನಾಯಿಗಳು, ಇಂದು ಸಮೊಯೆಡ್ ಎಂದು ಹೆಸರಾದವು, ಚರ್ಮದ ಗುಡಾರದೊಳಗೆ ಮನೆಮಂದಿಯ ಜೊತೆಗೇ ಮಲಗುತ್ತಿದ್ದವು. ಲೋಕದ ಅತಿ ದಟ್ಟ ತುಪ್ಪಳದ ನಾಯಿಗಳಲ್ಲೊಂದು ಒಳಗೆ ಮಲಗಿದ್ದು ಆ ತುಪ್ಪಳಕ್ಕೇನೂ ಅವಮಾನವಾಗಲಿಲ್ಲ.

ಈ ವಿದ್ಯೆಯನ್ನು ಚೆನ್ನಾಗಿ ಓದಿಕೊಂಡವನು ನಾರ್ವೆಯ ಧ್ರುವಯಾತ್ರಿಕ ಅಮುಂಡ್ಸೆನ್. 1910ರಲ್ಲಿ ‘ಫ್ರಾಮ್’ ಹಡಗಿನಲ್ಲಿ 97 ಗ್ರೀನ್‌ಲ್ಯಾಂಡ್ ನಾಯಿಗಳನ್ನು ಹೇರಿಕೊಂಡು ಹೊರಟಾಗ ಆತ ಹಡಗಿನ ಅಟ್ಟದ ಮೇಲೆ ಇನ್ನೊಂದು ಬಿಡಿಹಲಗೆಯ ಅಟ್ಟ ಹಾಸಿಸಿದ. ಅಲೆಯ ನೀರು ಕೆಳಗೆ ಹರಿದುಹೋಗಬೇಕು, ನಾಯಿಯ ಹೊಟ್ಟೆ ಒದ್ದೆಯಾಗಬಾರದು. ದಕ್ಷಿಣದ ಹಿಮಖಂಡ ಮುಟ್ಟುವಾಗ ದಾರಿಯಲ್ಲಿ ಹುಟ್ಟಿದ ಮರಿಗಳೂ ಸೇರಿ ಸಂಖ್ಯೆ 116ಕ್ಕೆ ಏರಿತ್ತು. ಅಲ್ಲಿ ನಾಯಿಗಳಿಗೆಂದೇ ದೊಡ್ಡ ಗುಡಾರಗಳು, ನೆಲವನ್ನು ಹಿಮದೊಳಕ್ಕೆ ಆಳವಾಗಿ ತೋಡಿದಂಥವು. ಹಗಲು ಬಿಟ್ಟು, ರಾತ್ರಿ ಅದರೊಳಗೆ ಕಟ್ಟುತ್ತಿದ್ದರು. ಹೊರಗೆ ಬಿಟ್ಟರೆ ಸಾಯದ ತಳಿಯೆಂದು ಗೊತ್ತಿದ್ದೂ ಇಷ್ಟು ಮಾಡಿದ. ಅಷ್ಟಾಗಿಯೂ 1911ರ ಸೆಪ್ಟೆಂಬರ್ 8ರಂದು ಅವಸರಪಟ್ಟು ಹೊರಟಾಗ ಚಳಿ ಮೈನಸ್ 56ಕ್ಕೆ ಇಳಿಯಿತು, ನಾಯಿಗಳ ಪಾದ ಹೆಪ್ಪುಗಟ್ಟಿತು, ಕೆಲವು ಸತ್ತವು, ತಂಡ ಹಿಂದಿರುಗಿತು. ಮತ್ತೆ ಹೊರಟದ್ದು ಅಕ್ಟೋಬರ್ 19ಕ್ಕೆ, 52 ನಾಯಿಗಳೊಂದಿಗೆ. ಡಿಸೆಂಬರ್ 14ಕ್ಕೆ ದಕ್ಷಿಣ ಧ್ರುವ. ಜನವರಿ 25ಕ್ಕೆ ಮರಳಿದಾಗ ಜೊತೆಗಿದ್ದ ನಾಯಿಗಳು ಹನ್ನೊಂದು. ಉಳಿದವುಗಳಲ್ಲಿ ಹೆಚ್ಚಿನವನ್ನು ಕೊಂದವರು ಸವಾರರೇ, ಇತರ ನಾಯಿಗಳಿಗೂ ತಮಗೂ ಆಹಾರವಾಗಲೆಂದು, ಮೊದಲೇ ಹಾಕಿದ ಲೆಕ್ಕದಂತೆ. ಅಮುಂಡ್ಸೆನ್‌ನನ್ನು ನಾಯಿಪ್ರೇಮಿ ಎಂದು ಹೊಗಳುವವರು ಈ ಅಂಕಿಯನ್ನು ಬಿಟ್ಟು ಓದುತ್ತಾರೆ, ಕಟುಕ ಎನ್ನುವವರು ಆ ಬಿಡಿಹಲಗೆಯನ್ನು ಬಿಟ್ಟು ಓದುತ್ತಾರೆ.

ಏರ್ಪಾಡು ಕಳಚಿದರೆ ಏನಾಗುತ್ತದೆ ಎಂಬುದಕ್ಕೆ ಜಪಾನಿನ ಶೋವಾ ನಿಲ್ದಾಣಕ್ಕಿಂತ ಖಚಿತವಾದ ಸಾಕ್ಷಿ ನನಗೆ ಕಂಡಿಲ್ಲ. 1958ರ ಫೆಬ್ರವರಿಯಲ್ಲಿ ಅಂಟಾರ್ಕ್ಟಿಕಾದ ಆ ನೆಲೆಯಲ್ಲಿ ಚಳಿಗಾಲ ಕಳೆದ ತಂಡ ಹೊರಟಿತು, ಬದಲಿಗೆ ಬರಬೇಕಾಗಿದ್ದ ತಂಡ ಮಂಜುಗಡ್ಡೆಯಿಂದಾಗಿ ಇಳಿಯಲಾಗಲಿಲ್ಲ. ಹದಿನೈದು ಸಖಾಲಿನ್ ನಾಯಿಗಳು ಸರಪಳಿಯಲ್ಲಿ ಕಟ್ಟಿದಂತೆಯೇ ಉಳಿದವು, ಕೆಲವು ದಿನದ ಆಹಾರದೊಂದಿಗೆ. 1959ರ ಜನವರಿಯಲ್ಲಿ ಜನ ಮರಳಿದಾಗ ಏಳು ನಾಯಿಗಳು ಸರಪಳಿಯಲ್ಲೇ ಸತ್ತಿದ್ದವು. ಎಂಟು ಬಿಡಿಸಿಕೊಂಡಿದ್ದವು, ಅವುಗಳಲ್ಲಿ ಆರು ಕಾಣೆ, ತಾರೋ ಮತ್ತು ಜಿರೋ ಎಂಬೆರಡು ಜೀವಂತ. ಒಂದೇ ತಳಿ, ಒಂದೇ ತುಪ್ಪಳ, ಮೈನಸ್ 40ರ ಆಸುಪಾಸಿಗೆ ಇಳಿಯುವ ಒಂದೇ ಚಳಿಗಾಲ. ಬದುಕಿದವುಗಳಿಗೂ ಕಟ್ಟಿದಲ್ಲೇ ಸತ್ತವುಗಳಿಗೂ ನಡುವೆ ಇದ್ದ ವ್ಯತ್ಯಾಸ ಒಂದು ಕೊರಳಪಟ್ಟಿ.

ಇಲ್ಲಿ ಒಂದು ಆಕ್ಷೇಪ ನ್ಯಾಯವಾದದ್ದೇ. ಸರಪಳಿ ಹಾಕದಿದ್ದರೆ ಊರಿನ ಗತಿ? ಹಸಿದ ಬಂಡಿನಾಯಿಗಳ ಗುಂಪು ಮಕ್ಕಳನ್ನು ಹರಿದುಹಾಕಿದ ಘಟನೆಗಳು ಉತ್ತರ ಕೆನಡಾದಲ್ಲಿ ನಡೆದಿವೆ. ಎರಡನೆಯ ಮಹಾಯುದ್ಧದ ನಂತರ ಸರ್ಕಾರ ಇನ್ಯುಯಿಟ್ ಜನರನ್ನು ಶಾಲೆ, ಆಸ್ಪತ್ರೆಗಳಿರುವ ಖಾಯಂ ಊರುಗಳಿಗೆ ತಂದಾಗ ನಾಯಿಗಳನ್ನು ಕಟ್ಟಿಹಾಕಬೇಕೆಂಬ ಕಾನೂನನ್ನು ಬಿಗಿಯಾಗಿ ಜಾರಿಗೆ ತಂದಿತು. ಬಿಟ್ಟಿದ್ದ ನಾಯಿಗಳನ್ನು ಪೊಲೀಸರು ಗುಂಡಿಟ್ಟು ಕೊಂದರು. ಮಕ್ಕಳ ರಕ್ಷಣೆ ಎಂಬ ಉದ್ದೇಶ ತಪ್ಪಲ್ಲ. ತಪ್ಪಿದ್ದು ಎಣಿಕೆ. ಕಟ್ಟಿದ ನಾಯಿ ಓಡಾಡಿ ಮೈ ಬಿಸಿ ಮಾಡಿಕೊಳ್ಳಲಾರದು, ತಾನಾಗಿ ಏನನ್ನೂ ಹುಡುಕಿ ತಿನ್ನಲಾರದು, ಹಿಮ ಬಿದ್ದ ದಿಕ್ಕಿಗೆ ತಕ್ಕಂತೆ ಹಾಸಿಗೆ ಬದಲಿಸಲಾರದು. ಅದಕ್ಕೆ ಬದಲಾಗಿ ದಿನವೂ ಊಟ ಕೊಡಬೇಕು, ಗೂಡು ಕಟ್ಟಬೇಕು. ಊರಿಗೆ ಬಂದು ಬೇಟೆಯ ನೆಲದಿಂದ ದೂರವಾದ ಜನ ಆ ಊಟ ಎಲ್ಲಿಂದ ತರಬೇಕು? ಸರಪಳಿಯನ್ನು ಕೊಟ್ಟ ಕಾನೂನು ಮಾಂಸವನ್ನು ಕೊಡಲಿಲ್ಲ. ರೋಗಗಳೂ, ಹಿಮದ ಮೋಟಾರುಬಂಡಿಗಳೂ ತಮ್ಮ ಪಾಲು ಸೇರಿಸಿದವು. 1920ರ ದಶಕದಲ್ಲಿ ಸುಮಾರು 20 ಸಾವಿರ ಎಂದು ಅಂದಾಜಿಸಿದ್ದ ಆ ತಳಿ 1970ರ ದಶಕಕ್ಕೆ ಕೆಲವು ನೂರಕ್ಕೆ ಇಳಿಯಿತು. ಕ್ವಿಬೆಕ್ ಪ್ರಾಂತ್ಯ 2011ರಲ್ಲೂ ಕೆನಡಾ ಸರ್ಕಾರ 2019ರಲ್ಲೂ ಇನ್ಯುಯಿಟ್ ಜನರ ಕ್ಷಮೆ ಕೇಳಿದವು. ಅಷ್ಟರಲ್ಲಾಗಲೇ, 2000ದಲ್ಲಿ, ನುನಾವುಟ್ ಪ್ರದೇಶ ಅದೇ ನಾಯಿಯನ್ನು ತನ್ನ ಅಧಿಕೃತ ಪ್ರಾಣಿಯಾಗಿ ಸಾರಿತ್ತು.

ತೋಳ ಬದುಕುವುದಿಲ್ಲವೇ ಎಂಬುದು ಇನ್ನೊಂದು ಮಾತು. ಬದುಕುತ್ತದೆ, ಆದರೆ ನಾವು ನೋಡುವುದು ಬದುಕಿದ ತೋಳಗಳನ್ನು ಮಾತ್ರ. ಅವು ಗವಿ ಹುಡುಕುತ್ತವೆ, ಗುಂಪಿನಲ್ಲಿ ತಿರುಗುತ್ತವೆ. ಬಂಡಿನಾಯಿಯ ತಾಳಿಕೆಯ ಹಿಂದೆಯೂ ಇಂಥದೇ ದೀರ್ಘ ಸೋಸುವಿಕೆಯಿದೆ. ಸೈಬೀರಿಯಾದ ಝೋಖೊವ್ ದ್ವೀಪದಲ್ಲಿ ಸಿಕ್ಕ 9,500 ವರ್ಷ ಹಳೆಯ ನಾಯಿಗೂ ಇಂದಿನ ಗ್ರೀನ್‌ಲ್ಯಾಂಡ್ ನಾಯಿಗೂ ಹತ್ತಿರದ ಸಂಬಂಧವಿದೆಯೆಂದು 2020ರಲ್ಲಿ ತಿಳಿಯಿತು; ಕೊಬ್ಬಿನ ಊಟಕ್ಕೆ ಒಗ್ಗಿಕೊಂಡ ಗುರುತುಗಳು ಬಂಡಿನಾಯಿಗಳ ಜೀನುಗಳಲ್ಲೇ ಇವೆ. ಟೊರಾಂಟೊ ಮನೆಯ ಲ್ಯಾಬ್ರಡಾರ್‌ಗೆ ಈ ಪಿತ್ರಾರ್ಜಿತ ಬಂದಿಲ್ಲ. ಹಾಗೆಂದು ಹಸ್ಕಿಯನ್ನು ಹೀಟರ್ ಮುಂದೆ ಮಲಗಿಸುವುದೇ ದಯೆ ಎಂದೂ ನಾನು ಹೇಳಲಾರೆ. ಸದಾ ಬಿಸಿ ಕೋಣೆಯಲ್ಲಿದ್ದ ನಾಯಿಗೆ ಚಳಿಗಾಲದ ಒಳಪದರ ಸರಿಯಾಗಿ ಬೆಳೆಯುವುದಿಲ್ಲ. ಅಂಥದನ್ನು ಒಮ್ಮೆಲೇ ಹೊರಗೆ ತಳ್ಳುವುದು ಹೊರಗೇ ಬೆಳೆಸುವುದಕ್ಕಿಂತ ಕ್ರೂರ. ಈಗಲೂ ಅಲಾಸ್ಕಾದ ಇಡಿಟರಾಡ್ ಓಟದ ನಾಯಿಗಳು ಹೊರಗೇ ಮಲಗುತ್ತವೆ. ಆದರೆ ಪ್ರತಿ ತಂಗುದಾಣದಲ್ಲಿ ಅವುಗಳಿಗೆ ಒಣಹುಲ್ಲು ಹಾಸುತ್ತಾರೆ, ಕಾಲಿಗೆ ಬಟ್ಟೆಯ ಚೀಲ ತೊಡಿಸುತ್ತಾರೆ, ಓಟದ ದಿನ ಒಂದೊಂದಕ್ಕೆ ಹತ್ತು ಸಾವಿರ ಕ್ಯಾಲೊರಿಯ ಆಸುಪಾಸು ಊಟ ಹಾಕುತ್ತಾರೆ. ಹಿತ್ತಿಲ ನಾಯಿಯನ್ನು ಹೊರಗಿಡುವುದಕ್ಕೆ ಈ ನಾಯಿಗಳ ಹೆಸರು ಹೇಳುವವರು ಹುಲ್ಲಿನ ಲೆಕ್ಕವನ್ನೂ ಊಟದ ಲೆಕ್ಕವನ್ನೂ ಜೊತೆಗೆ ಹೇಳಬೇಕು.

ಈಚಿನ ಕಾನೂನುಗಳು ತಡವಾಗಿಯಾದರೂ ಇದೇ ಜಾಡಿಗೆ ಬಂದಿವೆ. ಹೊರಗಿಟ್ಟ ನಾಯಿಯ ಗೂಡು ಶಾಖ ಸೋರದಂತಿರಬೇಕು, ನಾಯಿ ತನ್ನ ಮೈಶಾಖದಿಂದಲೇ ಬೆಚ್ಚಗಿಡುವಷ್ಟೇ ದೊಡ್ಡದಿರಬೇಕು ಎನ್ನುತ್ತದೆ ಜರ್ಮನಿಯ 2001ರ ನಿಯಮ. ಅರಮನೆಯಂಥ ಗೂಡು ಕಟ್ಟಿಸಿದವನು ಅಲ್ಲಿ ತಪ್ಪಿತಸ್ಥ! ಹಿಮದಲ್ಲಿ ಸುರುಳಿ ಸುತ್ತಿದ ಕಿಮ್ಮಿಕ್ ತೋಡಿಕೊಳ್ಳುವ ಗುಳಿಯೂ ಅಷ್ಟೇ ಅಗಲದ್ದು. ಅಮೆರಿಕದ ಪೆನ್ಸಿಲ್ವೇನಿಯಾ 2017ರಲ್ಲಿ ತಂದ ಕಾನೂನಿನ ಪ್ರಕಾರ ಚಳಿ ಸೊನ್ನೆ ಡಿಗ್ರಿಗಿಂತ ಕೆಳಗಿಳಿದಾಗ ನಾಯಿಯನ್ನು ಹೊರಗೆ ಕಟ್ಟಿಡಬಹುದಾದ್ದು ಮೂವತ್ತು ನಿಮಿಷ. ಆ ಮೂವತ್ತು ನಿಮಿಷವನ್ನು ಎಣಿಸುವುದು ನಾಯಿ ಹೊರಗೆ ಕಾಲಿಟ್ಟ ಗಳಿಗೆಯಿಂದಲ್ಲ, ಕೊರಳಿಗೆ ಸರಪಳಿ ಬಿದ್ದ ಗಳಿಗೆಯಿಂದ.