ದಿಯಾಕೊನೊಸ್

ಚರ್ಚಿನ ಒಂದು ಪದವಿಯನ್ನು ಸೂಚಿಸುವ ‘ಡೀಕನ್’ ಪದದ ಮೂಲ ಗ್ರೀಕ್ ಭಾಷೆಯ ದಿಯಾಕೊನೊಸ್. ಊಟ ಬಡಿಸುವವರು, ಒಡೆಯನ ಪರವಾಗಿ ಸುದ್ದಿ ಮುಟ್ಟಿಸುವವರು ಎಂಬೆಲ್ಲ ಅರ್ಥ ಅದಕ್ಕಿತ್ತು. ಗಂಡಸಿಗೂ ಹೆಂಗಸಿಗೂ ಒಂದೇ ರೂಪ.

ಅಪೊಸ್ತಲ ಪೌಲನು ರೋಮಿನವರಿಗೆ ಬರೆದ ಪತ್ರದ 16ನೇ ಅಧ್ಯಾಯ ಫೊಯಿಬೆ ಎಂಬಾಕೆಯ ಪರಿಚಯದೊಂದಿಗೆ ಶುರುವಾಗುತ್ತದೆ. ಕೊರಿಂಥದ ಬಂದರು ಕೆಂಕ್ರೆಯ ಕ್ರೈಸ್ತ ಸಭೆಗೆ ಆಕೆ ದಿಯಾಕೊನೊಸ್. ಪೌಲ ತನಗೂ ಜೊತೆ ಬೋಧಕ ಅಪೊಲ್ಲೋಸನಿಗೂ ಬಳಸಿಕೊಂಡದ್ದು ಇದೇ ಪದವನ್ನು. ತನ್ನನ್ನೂ ಸೇರಿಸಿ ಹಲವರಿಗೆ ಆಕೆ ಆಸರೆಯಾದಳೆಂದೂ ಹೇಳುತ್ತಾನೆ. ಹಾಗಿರುವಾಗ ಕೆಲವು ಅನುವಾದಗಳು ಆಕೆಯನ್ನು ಬರೀ ‘ಸೇವಕಿ’ ಎಂದು ಮುಗಿಸಿಬಿಡುವುದು ಜಿಪುಣತನವೇ ಸರಿ.

ಸುಮಾರು ಕ್ರಿ.ಶ. 112ರಲ್ಲಿ ರೋಮನ್ ಪ್ರಾಂತ್ಯ ಬಿಥೀನಿಯದ ಅಧಿಪತಿ ಪ್ಲಿನಿ, ಕ್ರೈಸ್ತರ ಗುಟ್ಟು ತಿಳಿಯಲು ಇಬ್ಬರು ದಾಸಿಯರಿಗೆ ಚಿತ್ರಹಿಂಸೆ ಕೊಡಿಸಿದ್ದಾಗಿ ಚಕ್ರವರ್ತಿ ಟ್ರಾಜನ್‌ಗೆ ವರದಿ ಮಾಡಿದ. ಅವರನ್ನು ‘ಮಿನಿಸ್ತ್ರೈ’ ಎನ್ನುತ್ತಿದ್ದರಂತೆ. ದಿಯಾಕೊನೊಸ್‌ಗೆ ಹತ್ತಿರದ ಲ್ಯಾಟಿನ್ ಪದವದು. ಮನೆಯಲ್ಲಿ ದಾಸಿ, ಸಭೆಯಲ್ಲಿ ಪದವಿ!

3ನೇ ಶತಮಾನದ ಸಿರಿಯಾದ ‘ದಿದಸ್ಕಾಲಿಯ’ ಗ್ರಂಥ ಸ್ತ್ರೀ ಡೀಕನ್‌ಗಳ ಕೆಲಸವನ್ನು ವಿವರಿಸುತ್ತದೆ. ದೀಕ್ಷಾಸ್ನಾನದ ವೇಳೆ ಹೆಂಗಸರ ಮೈಗೆ ಎಣ್ಣೆ ಹಚ್ಚಬೇಕಿತ್ತು. ಅದನ್ನು ಗಂಡಸು ಮಾಡುವಂತಿರಲಿಲ್ಲ. ಅನ್ಯಧರ್ಮೀಯರ ಮನೆಗಳಲ್ಲಿ ಕಾಯಿಲೆ ಬಿದ್ದ ಕ್ರೈಸ್ತ ಸ್ತ್ರೀಯರ ಬಳಿಗೂ ಇವರೇ ಹೋಗಬೇಕಿತ್ತು.

ಮುಂದೆ ‘ದಿಯಾಕೊನಿಸ್ಸ’ ಎಂಬ ಪ್ರತ್ಯೇಕ ಸ್ತ್ರೀರೂಪ ಬಂತು. 325ರಲ್ಲಿ ನಿಕೇಯದಲ್ಲಿ ಸೇರಿದ ಬಿಷಪರ ಮಹಾಸಭೆಯ ನಿಯಮಗಳಲ್ಲಿ ಅದು ಸಿಗುತ್ತದೆ. ಪಶ್ಚಿಮದಲ್ಲಿ ಪದವಿ ಬೇಗ ಸವೆಯಿತು, ಪೂರ್ವದಲ್ಲಿ ಹೆಚ್ಚು ಕಾಲ ಬಾಳಿತು. ಜರ್ಮನಿಯ ಕೈಸರ್ಸ್‌ವೆರ್ತ್‌ನಲ್ಲಿ 1836ರಲ್ಲಿ ಪಾದ್ರಿ ಥಿಯೊಡೋರ್ ಫ್ಲೀಡ್ನರ್ ದಾದಿಯರ ತರಬೇತಿ ಸಂಸ್ಥೆಗೆ ‘ದಿಯಾಕೊನಿಸ್ಸ’ದ ಹೆಸರನ್ನೇ ಮತ್ತೆ ಇಟ್ಟ.