ಪದೇ ಪದೇ ಟ್ರಿಪ್ ಆಗೋ ಸ್ವಿಚ್ಚಿನ ಹಿಂದೆ 162 ಜನರ ಕೈ

ಮಳೆಗಾಲ ಶುರುವಾದರೆ ಪುಣೆ, ಮುಂಬೈ ಕಡೆಯ ಬಾಡಿಗೆ ಮನೆಗಳಲ್ಲಿ ಒಂದೇ ಗೋಳು. ಗೀಸರ್ ಹಾಕಿದ್ರೆ ಇಡೀ ಮನೆ ಕರೆಂಟ್ ಹೋಗುತ್ತೆ. ಬೋರ್ಡಲ್ಲಿ ಎಂಸಿಬಿಗಳ ಪಕ್ಕ ಸ್ವಲ್ಪ ಅಗಲವಾಗಿ, ‘ಟಿ’ ಅನ್ನೋ ಪುಟ್ಟ ಬಟನ್ ಇರೋ ಸ್ವಿಚ್ ಕೆಳಗೆ ಬಿದ್ದಿರುತ್ತೆ. ಅದೇ ಆರ್‌ಸಿಸಿಬಿ. ಎಲೆಕ್ಟ್ರಿಷಿಯನ್ ಬಂದು ‘ಇದು ಸುಮ್‌ಸುಮ್ನೆ ಬೀಳುತ್ತೆ, ಡೈರೆಕ್ಟ್ ಕೊಟ್ಬಿಡ್ತೀನಿ’ ಅಂತಾನೆ. (ಊರು, ಭಾಷೆ ಯಾವುದೇ ಇರಲಿ, ‘ಡೈರೆಕ್ಟ್’ ಅನ್ನೋ ಪದ ಮಾತ್ರ ಎಲ್ಲ ಕಡೆ ಒಂದೇ!) ಹೂಂ ಅನ್ನೋ ಮೊದಲು ಆ ಸ್ವಿಚ್ಚಿನ ಕಥೆ ಕೇಳಿ.

ಫ್ಯೂಸ್ ಇರೋದು ವೈರ್ ಉಳಿಸೋಕೆ, ಮನುಷ್ಯನನ್ನಲ್ಲ. 60 ವ್ಯಾಟಿನ ಹಳೇ ಬಲ್ಬಿನಲ್ಲಿ ಹರಿಯೋದು ಸುಮಾರು 260 ಮಿಲಿ ಆಂಪಿಯರ್. ಅಷ್ಟು ಕರೆಂಟ್ ಎದೆಯ ಮೂಲಕ ಹೋದರೆ ಜೀವ ಹೋಗಬಹುದು, 5 ಆಂಪಿಯರ್ ಫ್ಯೂಸ್‌ಗೆ ಅದು ಗೊತ್ತೂ ಆಗಲ್ಲ. ಹಾಗಾದ್ರೆ ಎಷ್ಟು ಕರೆಂಟ್ ಅಪಾಯ? ಇದನ್ನ ಅಳೆಯೋಕೆ ಹೊರಟವರು ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ರೊಫೆಸರ್ ಚಾರ್ಲ್ಸ್ ಡಾಲ್ಜಿಯಲ್.

ಅವರ ಪ್ರಯೋಗ ಕೇಳಿದ್ರೆ ಇವತ್ತಿನ ಯಾವ ಎಥಿಕ್ಸ್ ಕಮಿಟಿಯೂ ಸುಲಭವಾಗಿ ಒಪ್ಪಲಿಕ್ಕಿಲ್ಲ. ಸ್ವಯಂಸೇವಕರು ಕೈಯಲ್ಲಿ ತಾಮ್ರದ ವೈರ್ ಹಿಡಿದುಕೊಳ್ಳಬೇಕು. ಕರೆಂಟನ್ನ ನಿಧಾನವಾಗಿ ಏರಿಸ್ತಾ ಹೋಗ್ತಾರೆ. ಒಂದು ಹಂತದಲ್ಲಿ ಮುಂಗೈ ಸ್ನಾಯುಗಳು ಬಿಗಿದುಕೊಂಡು, ಬಿಡಬೇಕು ಅಂದ್ರೂ ಕೈ ಬಿಡೋಕೆ ಆಗಲ್ಲ. ನಮ್ಮೂರಲ್ಲಿ ‘ಕರೆಂಟ್ ಹಿಡ್ಕೊಳ್ತು’ ಅಂತಾರಲ್ಲ, ಅದೇ. ಆದರೆ ಹಿಡ್ಕೊಳ್ಳೋದು ಕರೆಂಟಲ್ಲ, ನಮ್ಮದೇ ಸ್ನಾಯು. ಕೈ ಬಿಡಿಸಿಕೊಳ್ಳಬಹುದಾದ ಆ ಕೊನೆಯ ಅಂಕಿಯನ್ನ 134 ಗಂಡಸರು, 28 ಹೆಂಗಸರ ಮೇಲೆ ಅಳೆದರು. ಸರಾಸರಿ ಗಂಡಸರಿಗೆ 16, ಹೆಂಗಸರಿಗೆ 10.5 ಮಿಲಿ ಆಂಪಿಯರ್. ಆದರೆ ಸರಾಸರಿ ತಗೊಂಡು ಸುರಕ್ಷತೆ ಡಿಸೈನ್ ಮಾಡೋಕಾಗಲ್ಲ. ನೂರಕ್ಕೆ ತೊಂಬತ್ತೊಂಬತ್ತೂವರೆ ಜನ ಕೈ ಬಿಡಿಸಿಕೊಳ್ಳೋ ಮಟ್ಟ ಅಂತ ಲೆಕ್ಕ ಹಾಕಿದಾಗ ಅದು 9 ಮತ್ತು 6ಕ್ಕೆ ಇಳೀತು. ಮಕ್ಕಳ ಮೇಲೆ ಪ್ರಯೋಗ ಮಾಡೋ ಹಾಗಿಲ್ಲ. ಅವರಿಗೆ ಗಂಡಸರ ಅರ್ಧ, ಅಂದ್ರೆ 4.5 ಅಂತ ಅಂದಾಜು ಮಾಡಿದರು.

1961ರಲ್ಲಿ ಡಾಲ್ಜಿಯಲ್ ಟ್ರಾನ್ಸಿಸ್ಟರ್ ಬಳಸಿ, ಸುಮಾರು 5 ಮಿಲಿ ಆಂಪಿಯರ್ ಸೋರಿದರೂ ಸರ್ಕ್ಯೂಟ್ ಕಡಿಯೋ ಸಾಧನ ರೂಪಿಸಿದರು. ತತ್ವ ನಮ್ಮ ಅಂಗಡಿ ಲೆಕ್ಕದ ಥರ. ಫೇಸ್‌ನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬರಬೇಕು. ಎರಡೂ ವೈರ್ ಒಂದು ಉಂಗುರದ ಮೂಲಕ ಹಾಯುತ್ತವೆ. ತಾಳೆ ಆಗಲಿಲ್ಲ ಅಂದ್ರೆ ಎಲ್ಲೋ ಸೋರ್ತಿದೆ, ಬಹುಶಃ ಯಾರದ್ದೋ ಮೈ ಮೂಲಕ. ಅಮೆರಿಕದ ವೈರಿಂಗ್ ನಿಯಮಾವಳಿ ಇದನ್ನ 1968ರಲ್ಲಿ ಈಜುಕೊಳದ ದೀಪಗಳಿಗೆ, 1975ರಲ್ಲಿ ಬಾತ್‌ರೂಮ್ ಸಾಕೆಟ್‌ಗಳಿಗೆ, 1987ರಲ್ಲಿ ಅಡುಗೆಮನೆಗೆ ತಂದಿತು. ಲೆಕ್ಕ ತಾಳೆ ನೋಡೋ ಈ ಉಪಾಯ ಅವರೊಬ್ಬರದೇ ಅಲ್ಲ. 1950ರ ದಶಕದ ಮಧ್ಯದಲ್ಲೇ ದಕ್ಷಿಣ ಆಫ್ರಿಕಾದ ಹೆನ್ರಿ ರೂಬಿನ್ ಚಿನ್ನದ ಗಣಿಗಳಿಗೆ ಅಂತ 250 ಮಿಲಿ ಆಂಪಿಯರ್‌ನ ಸಾಧನ ಮಾಡಿದ್ದರು.

ನಮ್ಮ ಬೋರ್ಡಲ್ಲಿ ಇರೋದು ಯುರೋಪಿನ ದಾರಿ, 30 ಮಿಲಿ ಆಂಪಿಯರ್. ಅಮೆರಿಕ ಕೇಳಿದ ಪ್ರಶ್ನೆ ‘ಕೈ ಬಿಡಿಸಿಕೊಳ್ಳೋಕೆ ಆಗುತ್ತಾ?’ ಯುರೋಪ್ ಕೇಳಿದ್ದು ‘ಹೃದಯ ಲಯ ತಪ್ಪೋ ಮೊದಲು ಕಡಿಯುತ್ತಾ?’ ಹಾಗಾಗಿ ನಮ್ಮದು ಶಾಕ್ ತಪ್ಪಿಸಲ್ಲ, ಶಾಕ್ ಹೊಡೆದ ಮೇಲೆ ಸೆಕೆಂಡಿನ ಒಂದು ಸಣ್ಣ ಭಾಗದಲ್ಲಿ ಕಡಿಯುತ್ತೆ. ಅಂದ್ರೆ ನಾವು ‘ತುಂಬಾ ಸೂಕ್ಷ್ಮ’ ಅಂತ ಬೈಯೋದು ಅಮೆರಿಕದ ಸಾಕೆಟ್‌ಗಿಂತ ಆರು ಪಟ್ಟು ಉದಾರ!

ಇನ್ನು ಯಾಕೆ ಬೀಳುತ್ತೆ ಅಂತ ಹುಡುಕೋದು. ನಾವೆಲ್ಲ ಕೋಡ್‌ನಲ್ಲಿ ಬಗ್ ಹುಡುಕೋ ಹಾಗೇ, ಎಲ್ಲಾ ಪ್ಲಗ್ ಕಿತ್ತು, ಸ್ವಿಚ್ ಎತ್ತಿ, ಒಂದೊಂದೇ ಹಾಕಿ ನೋಡಿ. ಇಲ್ಲಿ ಒಂದು ಸೂಕ್ಷ್ಮ ಇದೆ. ಒಂಟಿ ಪೋಲ್ ಎಂಸಿಬಿ ಆಫ್ ಮಾಡಿದ್ರೆ ಫೇಸ್ ಮಾತ್ರ ಕಡಿಯುತ್ತೆ. ನ್ಯೂಟ್ರಲ್ ಎಲ್ಲಾದ್ರೂ ಅರ್ಥ್‌ಗೆ ತಾಗಿದ್ರೆ ಎಂಸಿಬಿ ಆಫ್ ಇದ್ದರೂ ಆರ್‌ಸಿಸಿಬಿ ಬೀಳಬಹುದು. ಅದಕ್ಕೇ ಪ್ಲಗ್ಗೇ ಕೀಳಬೇಕು. ಗೀಸರ್ ಹಾಕಿದ ತಕ್ಷಣ ಅಲ್ಲದೆ ಸ್ವಲ್ಪ ಕಾದ ಮೇಲೆ ಬೀಳ್ತಿದ್ರೆ ಎಲಿಮೆಂಟ್ ಮೇಲೇ ಮೊದಲ ಅನುಮಾನ. ಇನ್ವರ್ಟರ್ ಹಾಕಿಸಿದ ಮೇಲೆ ಶುರುವಾಗಿದ್ರೆ ಎರಡು ಲೈನಿನ ನ್ಯೂಟ್ರಲ್ ಬೆರೆತಿರುತ್ತೆ, ಇದು ತುಂಬಾ ಸಾಮಾನ್ಯ. ಯಾವ ಒಂದೂ ಕೆಟ್ಟಿಲ್ಲ ಅಂದ್ರೆ ಕೂಡಿಸಿ ನೋಡಿ. 30ರ ಸ್ವಿಚ್ 15 ದಾಟಿದ ಮೇಲೆ ಯಾವಾಗ ಬೇಕಾದ್ರೂ ಬೀಳಬಹುದು, ಡೆಸ್ಕ್‌ಟಾಪ್‌ನಂಥವು ಸರಿ ಇದ್ದಾಗಲೂ ಚೂರು ಚೂರು ಸೋರುತ್ತವೆ. ಪ್ಲಗ್ ಎಲ್ಲ ಕಿತ್ತರೂ ಬಿದ್ರೆ ಗೋಡೆಯೊಳಗಿನ ವೈರಿಂಗು. ಅಲ್ಲಿ ಕೈ ಹಾಕಬೇಡಿ, ಮೀಟರ್ ಹಿಡಿದು ನೋಡೋ ಎಲೆಕ್ಟ್ರಿಷಿಯನ್‌ನೇ ಕರೆಸಿ.

ಹೊಸ ಬಾಡಿಗೆ ಮನೆ ನೋಡೋಕೆ ಹೋದಾಗ ಅಡ್ವಾನ್ಸ್ ಕೊಡೋ ಮೊದಲು ಮನೆಯವರನ್ನ ಕೇಳಿಕೊಂಡು ಆ ‘ಟಿ’ ಬಟನ್ ಒಮ್ಮೆ ಒತ್ತಿ. ಕರೆಂಟ್ ಹೋಗಲಿಲ್ಲ ಅಂದ್ರೆ ಸ್ವಿಚ್ ಕೆಟ್ಟಿದೆ, ಇಲ್ಲಾ ನಿಮಗಿಂತ ಮುಂಚೆ ಇದ್ದವರು ಯಾರೋ ಡೈರೆಕ್ಟ್ ಮಾಡಿಸಿದ್ದಾರೆ.