ಗಾಜುನಾರಿನ ಬಲವರ್ಧಕ ಬಟ್ಟೆಗಳು

ದ್ರವರೂಪದ ಕೃತಕ ರಾಳದಲ್ಲಿ ನೆನೆಸಿ, ಅಚ್ಚಿನ ಮೇಲೆ ಪದರ ಪದರವಾಗಿ ಹಾಸಿದಾಗ, ರಾಳ ಗಟ್ಟಿಯಾಗುತ್ತ ಬಂದಂತೆ ಅದರೊಡನೆ ಬೆಸೆದು ಒಂದೇ ಘನವಸ್ತುವಾಗುವ ಗಾಜುನಾರಿನ ಮ್ಯಾಟು ಹಾಗೂ ನೇಯ್ಗೆಗಳನ್ನು ಬಲವರ್ಧಕ ಬಟ್ಟೆಗಳೆನ್ನುತ್ತಾರೆ. ಹೀಗೆ ದೊರೆಯುವ ವಸ್ತುವೇ ಬಳಕೆಯಲ್ಲಿ ಫೈಬರ್ ಅಥವಾ ಎಫ್‌ಆರ್‌ಪಿ ಎನಿಸಿಕೊಂಡಿದೆ. ಇದರಲ್ಲಿ ಎಳೆತದ ಭಾರವನ್ನು ಹೊರುವುದು ಮುಖ್ಯವಾಗಿ ನಾರು. ರಾಳವು ಆ ಭಾರವನ್ನು ಎಳೆಯಿಂದ ಎಳೆಗೆ ಹಂಚುತ್ತದೆ, ಆಕಾರವನ್ನು ಹಿಡಿದಿಡುತ್ತದೆ, ನಾರನ್ನು ನೀರಿನಿಂದ ಕಾಪಾಡುತ್ತದೆ. ಆದ್ದರಿಂದ ನಾರು ಎಷ್ಟಿದೆ, ಯಾವ ದಿಕ್ಕಿನಲ್ಲಿದೆ ಎಂಬುದೇ ಬಟ್ಟೆಯ ಆಯ್ಕೆಯಲ್ಲಿ ಮೊದಲ ಪ್ರಶ್ನೆ.

ನಾರಿನ ಬಗೆಗಳು: ಅತ್ಯಂತ ವ್ಯಾಪಕವಾಗಿ ಬಳಕೆಯಲ್ಲಿರುವುದು ಇ-ಗಾಜು. ಮೊದಲು ವಿದ್ಯುತ್ ನಿರೋಧಕವಾಗಿ ರೂಪುಗೊಂಡ ಇದು ಅಗ್ಗವಾಗಿಯೂ ಸಾಕಷ್ಟು ಗಟ್ಟಿಯಾಗಿಯೂ ಇರುವುದರಿಂದ ದೋಣಿ, ನೀರಿನ ತೊಟ್ಟಿ, ವಾಹನಗಳ ಹೊರಮೈಗಳಿಗೆ ಒದಗುತ್ತದೆ. ಇದರ ಸ್ಥಿತಿಸ್ಥಾಪಕತ್ವದ ಗುಣಾಂಕ ಸುಮಾರು 72 ಗಿಗಾಪ್ಯಾಸ್ಕಲ್. ಹೆಚ್ಚಿನ ಬಲ ಬೇಕಾದಲ್ಲಿ ಎಸ್-ಗಾಜನ್ನೂ, ತೂಕ ಕಡಿಮೆಯಿದ್ದು ಬಿಗುವು ಹೆಚ್ಚಿರಬೇಕಾದಲ್ಲಿ ಇಂಗಾಲದ ನಾರನ್ನೂ, ಪೆಟ್ಟು ಹಾಗೂ ಸವೆತ ತಡೆಯಬೇಕಾದಲ್ಲಿ ಅರಾಮಿಡ್ ನಾರನ್ನೂ ಬಳಸುತ್ತಾರೆ.

ಬಟ್ಟೆಯ ಬಗೆಗಳು: ತುಂಡರಿಸಿದ ಎಳೆಗಳನ್ನು ಗೊತ್ತಾದ ದಿಕ್ಕಿಲ್ಲದೆ ಹರಡಿ ಬಂಧಕದಿಂದ ಅಂಟಿಸಿದುದು ಚಾಪ್ಡ್ ಸ್ಟ್ರ್ಯಾಂಡ್ ಮ್ಯಾಟ್. ಇದು ಚದರ ಮೀಟರಿಗೆ 300, 450, 600 ಗ್ರಾಂ ತೂಕಗಳಲ್ಲಿ ಸಾಮಾನ್ಯವಾಗಿ ದೊರೆಯುತ್ತದೆ; 450 ಗ್ರಾಮಿನ ಒಂದು ಪದರ ರಾಳ ಕುಡಿದ ಮೇಲೆ ಸುಮಾರು 1 ಮಿ.ಮೀ. ದಪ್ಪವಾಗುತ್ತದೆ. ತಿರುವುಮುರುವಿನ ಅಚ್ಚಿಗೂ ಒಗ್ಗುವ, ಕಡಿಮೆ ಖರ್ಚಿನಲ್ಲಿ ದಪ್ಪ ಕೊಡುವ ಈ ಮ್ಯಾಟು ರಾಳವನ್ನು ಬಹಳ ಹೀರುವುದರಿಂದ, ಕೈಯಿಂದ ಹಚ್ಚಿದ ಪದರದಲ್ಲಿ ಗಾಜಿನ ಪಾಲು ತೂಕದ ಮೂರನೆಯ ಒಂದರಷ್ಟನ್ನು ಮುಟ್ಟುವುದೂ ಕಷ್ಟ.

ದಪ್ಪ ಎಳೆಗಂಟುಗಳನ್ನು ಹಾಸುಹೊಕ್ಕಾಗಿ ನೇಯ್ದುದು ವೋವನ್ ರೋವಿಂಗ್. ಇದರಲ್ಲಿ ಗಾಜಿನ ಪಾಲು ಅರ್ಧದವರೆಗೆ ಏರುತ್ತದೆ, ಬಲವೂ ಹಾಸು ಮತ್ತು ಹೊಕ್ಕಿನ ದಿಕ್ಕುಗಳಲ್ಲಿ ಕೇಂದ್ರೀಕರಿಸುತ್ತದೆ. ನುಲಿದ ಸಣ್ಣ ನೂಲಿನ ಬಟ್ಟೆಗಳಲ್ಲಿ ಸಾದಾ ನೇಯ್ಗೆ ಸ್ಥಿರವಾಗಿದ್ದು ಕತ್ತರಿಸಲು ಸುಲಭ. ಟ್ವಿಲ್ ಮತ್ತು ಸ್ಯಾಟಿನ್ ನೇಯ್ಗೆಗಳಲ್ಲಿ ಪ್ರತಿ ಎಳೆಯೂ ಹಲವು ಎಳೆಗಳನ್ನು ದಾಟಿ ಒಮ್ಮೆ ಮಾತ್ರ ಒಳಹೋಗುವುದರಿಂದ ಅವು ಬಾಗಿದ ಮೈಗೆ ಸುಕ್ಕಿಲ್ಲದೆ ಹೊಂದುತ್ತವೆ. ನೇಯ್ಗೆಯಲ್ಲಿ ಎಳೆ ಮೇಲೆ ಕೆಳಗೆ ಬಾಗಿದಷ್ಟೂ ಅದರ ಬಿಗುವು ಸ್ವಲ್ಪ ಕುಗ್ಗುತ್ತದೆ. ಈ ಕೊರತೆಯನ್ನು ನೀಗಲು, ನೇರವಾಗಿಟ್ಟ ಎಳೆಗಳ ಪದರಗಳನ್ನು ತೆಳುದಾರದಿಂದ ಹೊಲಿದ ಬಟ್ಟೆಗಳು ಬಂದಿವೆ. ಇವುಗಳಲ್ಲಿ ಏಕದಿಕ್ಕಿನ ಬಟ್ಟೆ ತೊಲೆಯಂಥ ಭಾಗಗಳಿಗೂ, 45 ಡಿಗ್ರಿ ಕೋನದಲ್ಲಿ ಎರಡೂ ಕಡೆ ಓರೆಯಾಗಿ ಎಳೆಗಳಿರುವ ದ್ವಿದಿಕ್ಕಿನ ಬಟ್ಟೆ ತಿರುಚುವ ಒತ್ತಡವಿರುವ ಭಾಗಗಳಿಗೂ ತಕ್ಕುದು.

ರಾಳದೊಡನೆ ಹೊಂದಾಣಿಕೆ: ಮ್ಯಾಟಿನ ಬಂಧಕವು ಪಾಲಿಯೆಸ್ಟರ್ ಹಾಗೂ ವಿನೈಲ್ ಎಸ್ಟರ್ ರಾಳಗಳಲ್ಲಿರುವ ಸ್ಟೈರೀನಿನಲ್ಲಿ ಕರಗಿದಾಗ ಮ್ಯಾಟು ಮೆದುವಾಗಿ ಅಚ್ಚಿಗೆ ಒರಗುತ್ತದೆ. ಎಪಾಕ್ಸಿಯಲ್ಲಿ ಸ್ಟೈರೀನ್ ಇಲ್ಲದಿರುವುದರಿಂದ ಸಾಮಾನ್ಯ ಮ್ಯಾಟು ಬಿರುಸಾಗಿಯೇ ಉಳಿಯುತ್ತದೆ. ಅಲ್ಲಿ ನೇಯ್ದ ಅಥವಾ ಹೊಲಿದ ಬಟ್ಟೆಯೇ ಸೂಕ್ತ. ಗಾಜಿಗೆ ರಾಳ ಅಂಟುವಂತೆ ನಾರಿನ ಮೇಲೆ ಹಚ್ಚಿರುವ ಸಿಲೇನ್ ಲೇಪವೂ ಬಳಸುವ ರಾಳಕ್ಕೆ ಹೊಂದುವಂತಿರಬೇಕು. ತೇವ ಈ ಬೆಸುಗೆಯನ್ನು ಕೆಡಿಸುವುದರಿಂದ ಬಟ್ಟೆಯನ್ನು ಒಣ ಜಾಗದಲ್ಲಿಯೇ ಇಡಬೇಕಾಗುತ್ತದೆ.

ಪದರಗಳ ಜೋಡಣೆ: ಪಾಲಿಯೆಸ್ಟರ್ ದೋಣಿಯ ಒಡಲಿನಲ್ಲಿ ಹೊರಮೈಯ ರಾಳಲೇಪವಾದ ಜೆಲ್‌ಕೋಟಿನ ಹಿಂದೆ ತೆಳು ಮ್ಯಾಟನ್ನು ಹಾಸಿ, ಅನಂತರ ವೋವನ್ ರೋವಿಂಗ್ ಮತ್ತು ಮ್ಯಾಟುಗಳನ್ನು ಒಂದಾದ ಮೇಲೊಂದರಂತೆ ಕೂಡಿಸುವುದು ರೂಢಿ. ಒರಟು ನೇಯ್ಗೆಯ ತಗ್ಗುಗಳನ್ನು ಮ್ಯಾಟು ತುಂಬಿ ಪದರಗಳು ಕಿತ್ತುಬರದಂತೆ ನೋಡಿಕೊಳ್ಳುತ್ತದೆ. ಫಲಕದ ದಪ್ಪ ಇಮ್ಮಡಿಸಿದರೆ ಬಾಗುವಿಕೆಗೆ ಅದು ತೋರುವ ಬಿಗುವು ಎಂಟು ಪಟ್ಟಾಗುವುದರಿಂದ, ತೂಕ ಏರಿಸದೆ ದಪ್ಪ ಹೆಚ್ಚಿಸಲು ಪದರಗಳ ನಡುವೆ ನೊರೆಫಲಕ ಅಥವಾ ಹಗುರ ಬಾಲ್ಸಾ ಮರವನ್ನು ಇಡುವುದೂ ಉಂಟು.

ಕರ್ನಾಟಕದ ಕರಾವಳಿಯಲ್ಲಿ ಮರದ ನಾಡದೋಣಿಗಳ ಜೊತೆಗೆ ಫೈಬರ್ ದೋಣಿಗಳು ಬಳಕೆಗೆ ಬಂದಿವೆ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ರೂಪಿಸಿದ ಹಂಸ ತರಬೇತಿ ವಿಮಾನದ ಒಡಲೂ ಗಾಜುನಾರಿನ ಕಾಂಪೋಸಿಟ್‌ನಿಂದಾದುದು. ದೋಣಿಯಲ್ಲಾಗಲಿ ವಿಮಾನದಲ್ಲಾಗಲಿ, ಭಾರ ಬೀಳುವ ದಿಕ್ಕು, ಅಚ್ಚಿನ ತಿರುವು ಮತ್ತು ರಾಳದ ಗುಣ ಈ ಮೂರನ್ನೂ ಒಟ್ಟಿಗೆ ನೋಡಿ ಆರಿಸಿದ ಬಟ್ಟೆ, ಕೇವಲ ದಪ್ಪ ನೋಡಿ ಆರಿಸಿದ್ದಕ್ಕಿಂತ ಹಗುರವೂ ದೃಢವೂ ಆದ ವಸ್ತುವನ್ನು ಕೊಡುತ್ತದೆ.